ಮಳೆಗೆ ಮಿಡತೆ ಹೆಚ್ಚೋ, ಬರಕ್ಕೆ ಹೆಚ್ಚೋ?

ಪ್ರಶ್ನೆ: ನಾನು ರಾಣೆಬೆನ್ನೂರು ಕಡೆಯ ರೈತ. ಹೋದ ವರ್ಷ ನಮ್ಮ ಜೋಳದ ಹೊಲದ ಬದುವಿನ ಮೇಲೆ ಕಾಲಿಟ್ಟರೆ ಸಾಕು, ನಾಲ್ಕೂ ಕಡೆ ಮಿಡತೆ ಚಿಮ್ಮುತ್ತಿದ್ದವು. ಈ ವರ್ಷ ಹೊಲವೂ ಅದೇ, ಬೆಳೆಯೂ ಅದೇ, ಹುಡುಕಿದರೂ ನಾಲ್ಕು ಮಿಡತೆ ಸಿಗಲಿಲ್ಲ. ‘ಮಳೆ ಚಲೋ ಆದ ವರ್ಷ ಮಿಡಚಿ ಹೆಚ್ಚು’ ಎಂದು ನಮ್ಮ ತಂದೆ ಹೇಳುತ್ತಾರೆ. ‘ಬರಗಾಲದಾಗ ಅದರ ಕಾಟ ಹೆಚ್ಚು’ ಎಂದು ನಮ್ಮ ಕಾಕಾ ವಾದ ಮಾಡುತ್ತಾರೆ. ಯಾರದು ಸರಿ? ಹವಾಮಾನಕ್ಕೂ ಮಿಡತೆಯ ಹುಟ್ಟು-ಬೆಳವಣಿಗೆಗೂ ಏನು ಸಂಬಂಧ?

ಉತ್ತರ: ನಿಮ್ಮ ತಂದೆಯವರ ಮಾತೂ ಸರಿ, ಕಾಕಾ ಅವರ ಮಾತೂ ಸರಿ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಕಂಡದ್ದು ಮಾತ್ರ ಬೇರೆ ಬೇರೆ. ಒಂದೇ ಮಳೆ ಮಣ್ಣೊಳಗಿನ ಮೊಟ್ಟೆಗೆ ಜೀವ ಕೊಡುತ್ತದೆ, ಎರಡು ದಿನದ ಮರಿಯ ಜೀವ ತೆಗೆಯುತ್ತದೆ, ಬಲಿತ ಮಿಡತೆಗೆ ಹೊಟ್ಟೆ ತುಂಬ ಮೇವು ಒದಗಿಸುತ್ತದೆ. ಹಾಗಾಗಿ ವರ್ಷಕ್ಕೆ ಎಷ್ಟು ಮಳೆಯಾಯಿತು ಎಂಬ ಒಟ್ಟು ಲೆಕ್ಕದಿಂದ ಮಿಡತೆಯ ಲೆಕ್ಕ ಸಿಗುವುದಿಲ್ಲ. ರೋಹಿಣಿಯಲ್ಲಿ ಎಷ್ಟು ಬಂತು, ಮೃಗಶಿರ ಕೈಕೊಟ್ಟಿತೇ, ಆರಿದ್ರ ಜಡಿ ಹಿಡಿಯಿತೇ, ಹಸ್ತ-ಚಿತ್ತೆಯಲ್ಲಿ ಬಿಸಿಲು ಬಿದ್ದಿತೇ ಎಂದು ನಕ್ಷತ್ರ ಹಿಡಿದು ಕೇಳಬೇಕು. ಬಿತ್ತನೆಗೆ ನೀವು ಇಟ್ಟುಕೊಳ್ಳುವ ಮಳೆಯ ಲೆಕ್ಕವೇ ಇದಕ್ಕೂ ಸಾಕಾಗುತ್ತದೆ.

ನೆಲದ ಕೆಳಗಿನಿಂದ ಶುರುಮಾಡೋಣ. ಮಿಡತೆಯ ಬದುಕಿನ ಹೆಚ್ಚಿನ ಭಾಗ ಕಳೆಯುವುದು ಅಲ್ಲಿಯೇ. ನಮ್ಮ ಕಡೆಯ ಭತ್ತದ ಮಿಡತೆ, ಜೋಳದ ಮಿಡತೆಗಳಿಗೆ ವರ್ಷಕ್ಕೆ ಒಂದೇ ಪೀಳಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಇಟ್ಟ ಮೊಟ್ಟೆ ಮುಂದಿನ ಮುಂಗಾರಿನವರೆಗೆ, ಅಂದರೆ ಏಳೆಂಟು ತಿಂಗಳು, ಮಣ್ಣಿನೊಳಗೇ ಇರುತ್ತದೆ. ಮಾಗಿಯಲ್ಲೋ ಬೇಸಿಗೆಯಲ್ಲೋ ಬದು ಕೆತ್ತುವಾಗ ಒಮ್ಮೆ ಕುಳಿತು ನೋಡಿ. ಎರಡು ಮೂರು ಅಂಗುಲ ಆಳದಲ್ಲಿ ಶೇಂಗಾಕಾಯಿಯಷ್ಟು ಉದ್ದದ, ಮಣ್ಣು ಮೆತ್ತಿದ ಒಂದು ಗಂಟು ಸಿಗಬಹುದು. ಬೆರಳಿನಲ್ಲಿ ಒತ್ತಿದರೆ ಅದು ಒಣಗಿದ ನೊರೆಯ ಹಾಗೆ ಪುಡಿಯಾಗುತ್ತದೆ. ಒಳಗೆ ಅಕ್ಕಿಕಾಳಿನ ಆಕಾರದ ಹಳದಿ ಮೊಟ್ಟೆಗಳು ಓರೆಯಾಗಿ, ಒತ್ತೊತ್ತಾಗಿ ಕುಳಿತಿರುತ್ತವೆ. ಭತ್ತದ ಮಿಡತೆಯ ಒಂದು ಗಂಟಿನಲ್ಲಿ 30ರಿಂದ 40 ಮೊಟ್ಟೆ ಇರುತ್ತವೆ. ಹೆಣ್ಣು ಮಿಡತೆ ತನ್ನ ಹೊಟ್ಟೆಯ ತುದಿಯಿಂದ ಮಣ್ಣು ಕೊರೆದು, ಮೊಟ್ಟೆ ಇಟ್ಟು, ಅದರ ಮೇಲೆ ನೊರೆ ಸುರಿದು ಮುಚ್ಚುತ್ತದೆ. ಗಟ್ಟಿಯಾದ ಆ ನೊರೆ ಮೊಟ್ಟೆಯ ತೇವ ಕಾಯುತ್ತದೆ. ಮುಂದೆ ಮರಿಗಳು ಮೇಲೆ ಬರಲು ಮೆತ್ತನೆಯ ದಾರಿಯೂ ಅದೇ ಆಗುತ್ತದೆ.

ಹವಾಮಾನದ ಮೊದಲ ಹಿಡಿತ ಕಾಣುವುದು ಇಲ್ಲಿ. ಹಿಂಗಾರು ಪೂರ್ತಿ ಕೈಕೊಟ್ಟು ನೆಲ ಕಲ್ಲಾದರೆ ಹೆಣ್ಣಿಗೆ ಕೊರೆಯುವುದೇ ಕಷ್ಟ. ಹದವಾದ ತೇವ, ಮೇಲೆ ಬೆಚ್ಚಗಿನ ಬಿಸಿಲು ಇರುವ ಅಕ್ಟೋಬರ್ ಸಿಕ್ಕರೆ ಒಂದು ಗಂಟಿನ ಬದಲು ಎರಡು ಮೂರು ಗಂಟು ಇಡುವಷ್ಟು ದಿನ ಅದು ಬದುಕುತ್ತದೆ. ಮುಂದಿನ ವರ್ಷದ ಮಿಡತೆಯ ಅರ್ಧ ಭವಿಷ್ಯ ಈ ವರ್ಷದ ಹಸ್ತ-ಚಿತ್ತೆಯಲ್ಲೇ ತೀರ್ಮಾನವಾಗಿರುತ್ತದೆ ಎಂದು ನಾನು ನಂಬಿದ್ದೇನೆ. ನಾವು ಮಾತ್ರ ಈ ವರ್ಷದ ಮಿಡತೆಗೆ ಈ ವರ್ಷದ ಮಳೆಯನ್ನೇ ಕಾರಣ ಮಾಡುತ್ತೇವೆ.

ಬೇಸಿಗೆಯ ಬೆಂಕಿ ಈ ಮೊಟ್ಟೆಗಳನ್ನು ಯಾಕೆ ಸುಡುವುದಿಲ್ಲ? ಏಪ್ರಿಲ್-ಮೇ ತಿಂಗಳಲ್ಲಿ ಬರಿ ಎರೆಹೊಲದ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆ ಕಾವಿಗೆ ತೆರೆದುಕೊಂಡ ಮೊಟ್ಟೆ ಒಂದೆರಡು ದಿನದಲ್ಲಿ ಬತ್ತಿಹೋಗುತ್ತದೆ. ಎರಡು ಮೂರು ಅಂಗುಲ ಕೆಳಗೆ ಇಳಿದರೆ ಕಾವು ಬಹಳ ಕಡಿಮೆ. ಮೊಟ್ಟೆಯೂ ಆ ದಿನಗಳಲ್ಲಿ ಬೆಳವಣಿಗೆ ನಿಲ್ಲಿಸಿ ನಿದ್ದೆಯಂಥ ಸ್ಥಿತಿಯಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಬದು ಕೆತ್ತಿ, ಹೊಲ ಉತ್ತು ಬಿಡಿ ಎಂದು ಹಿರಿಯರೂ ಕೃಷಿ ಇಲಾಖೆಯವರೂ ಹೇಳುವುದಕ್ಕೆ ಇದು ದೊಡ್ಡ ಕಾರಣ. ಕುಂಟೆ, ಗುದ್ದಲಿ ಮೇಲೆ ತಂದ ಗಂಟನ್ನು ಬಿಸಿಲು ಒಣಗಿಸುತ್ತದೆ; ಅದು ಬಿಟ್ಟದ್ದನ್ನು ಗೊರವಂಕ, ಬೆಳ್ಳಕ್ಕಿ ಹೆಕ್ಕುತ್ತವೆ.

ಇನ್ನು ಮೊದಲ ಮಳೆ. ಮೊಟ್ಟೆ ಮಣ್ಣಿನ ತೇವವನ್ನು ಹೀರಿಕೊಂಡು ಉಬ್ಬುತ್ತದೆ. ಎಷ್ಟೋ ಜಾತಿಗಳಲ್ಲಿ ಇಟ್ಟಾಗ ಇದ್ದ ತೂಕದ ಸುಮಾರು ಎರಡರಷ್ಟಾಗುತ್ತದೆ. ನೀರು ಸಿಗದೆ ಒಳಗಿನ ಮರಿ ಬೆಳೆಯಲಾರದು. ನೀರು ಸಿಕ್ಕ ಮೇಲೆ ಎಷ್ಟು ದಿನಕ್ಕೆ ಒಡೆಯುತ್ತದೆ ಎಂಬುದನ್ನು ಮಣ್ಣಿನ ಕಾವು ನಿರ್ಧರಿಸುತ್ತದೆ. ಮರುಭೂಮಿ ಮಿಡತೆಯ ಮೇಲೆ ಇದನ್ನು ಚೆನ್ನಾಗಿ ಅಳೆದಿದ್ದಾರೆ. ಮಣ್ಣು ಬೆಚ್ಚಗಿದ್ದರೆ ಅದರ ಮೊಟ್ಟೆ 10ರಿಂದ 14 ದಿನದಲ್ಲಿ ಒಡೆಯುತ್ತದೆ; ತಣ್ಣಗಿದ್ದರೆ ಎರಡು ತಿಂಗಳವರೆಗೂ ಎಳೆಯುತ್ತದೆ. ನಮ್ಮ ಮಿಡತೆಗಳಿಗೆ ರೋಹಿಣಿ-ಮೃಗಶಿರದ ಹೊತ್ತಿಗೆ ನೆಲದಲ್ಲಿ ಕಾವಿಗೆ ಕೊರತೆಯಿಲ್ಲ, ತೇವಕ್ಕೆ ಕಾದಿರುತ್ತವೆ. ಹದ ಮಳೆ ಬಿದ್ದರೆ ಸಾಕು, ಬದುವಿನಲ್ಲಿ ಕಡ್ಡಿಚೂರಿನಂಥ ಮರಿಗಳು ಕಾಣಿಸಿಕೊಳ್ಳುತ್ತವೆ.

ಆ ಮರಿಗಳ ಮೊದಲ ಹತ್ತು ದಿನ ನಿಮ್ಮ ಪ್ರಶ್ನೆಗೆ ಅತಿ ಮುಖ್ಯ. ಮಿಡತೆಯ ಇಡೀ ಆಯುಷ್ಯದಲ್ಲಿ ಇಷ್ಟು ನಾಜೂಕಾದ ಕಾಲ ಇನ್ನೊಂದಿಲ್ಲ. ಮೇಲಿನ ಮಣ್ಣು ಮಳೆಗೆ ಕಲಸಿಕೊಂಡು ಬಿಸಿಲಿಗೆ ಹಪ್ಪಳಗಟ್ಟಿದ್ದರೆ ಎಷ್ಟೋ ಮರಿಗಳು ಮೇಲಕ್ಕೆ ಬರಲಾರದೆ ಅಲ್ಲೇ ಸಾಯುತ್ತವೆ. ಮೇಲೆ ಬಂದವಕ್ಕೆ ಒಂದೆರಡು ದಿನದಲ್ಲಿ ಎಳೆ ಹುಲ್ಲು ಬೇಕು. ಮೊದಲ ಮಳೆಯೊಂದು ಬಿದ್ದು ಮೊಟ್ಟೆ ಒಡೆದು, ಆಮೇಲೆ ಮೂರು ವಾರ ಮಳೆ ಮರೆಯಾದರೆ ಮರಿಗಳಿಗೆ ಕಚ್ಚಲು ಹಸಿರೇ ಇರುವುದಿಲ್ಲ. ನೀವು ಬಿತ್ತಿದ ಬೀಜ ಮೊಳೆತು ಸೊರಗುವ ವರ್ಷವೇ ಮಿಡತೆಯೂ ಸೊರಗುತ್ತದೆ.

ಮಳೆ ಬಿಡದೆ ಹಿಡಿದರೂ ಮರಿಗೆ ಸಾವೇ. ದೊಡ್ಡ ಹನಿಯ ಹೊಡೆತಕ್ಕೆ, ಹರಿಯುವ ನೀರಿಗೆ ಸಿಕ್ಕು ಸಾಯುವುದು ನಮಗೆ ಕಾಣುತ್ತದೆ. ಕಾಣದ ಕಾರಣ ಅದಕ್ಕಿಂತ ದೊಡ್ಡದು. ಅದನ್ನು ತಿಳಿಯಬೇಕಾದರೆ ಬೆಳಗಿನ ಹೊತ್ತು ಬದುವಿಗೆ ಬರಬೇಕು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಏಳು ಗಂಟೆಯ ಸುಮಾರಿಗೆ, ಸೂರ್ಯ ಆಗಷ್ಟೇ ಮೇಲೇರುತ್ತಿದ್ದಾಗ ನಾನು ಹೊಲದ ಅಂಚಿನಲ್ಲಿ ಮಿಡತೆಯೊಂದನ್ನು ನೋಡುತ್ತ ಕುಳಿತಿದ್ದೆ. ಹುಲ್ಲಿನ ಎಸಳ ಮೇಲೆ ಮಂಜಿನ ಹನಿ ಇನ್ನೂ ಇತ್ತು. ಮಿಡತೆ ಸೂರ್ಯನಿಗೆ ಪಕ್ಕೆ ಕೊಟ್ಟು ಕುಳಿತಿತ್ತು, ಮುಖ ಕೊಟ್ಟಿರಲಿಲ್ಲ. ಬಿಸಿಲ ಕಡೆಯ ಹಿಂಗಾಲನ್ನು ಕೆಳಗೆ ಇಳಿಬಿಟ್ಟು ಹೊಟ್ಟೆಯ ಪಕ್ಕಕ್ಕೆ ನೆರಳು ಬೀಳದ ಹಾಗೆ ಮಾಡಿಕೊಂಡಿತ್ತು. ಎರಡು ಬೆರಳಲ್ಲಿ ಹಿಡಿದೆ, ಒದೆಯಲೂ ಇಲ್ಲ. ಮತ್ತೆ ಎಸಳ ಮೇಲೆ ಬಿಟ್ಟೆ. ಅರ್ಧ ಗಂಟೆಯ ಮೇಲೆ ಅದೇ ಮಿಡತೆ ಎಲೆಯ ಅಂಚು ಕಚ್ಚತೊಡಗಿತು. ಒಂಬತ್ತೂವರೆಗೆ ಕೈ ಚಾಚಿದರೆ ನೆಗೆದು ಕಣ್ಮರೆಯಾಯಿತು. ಮಧ್ಯಾಹ್ನ ನೆಲ ಕಾದಾಗ ಬಂದು ನೋಡಿದರೆ ಅಲ್ಲಿನ ಮಿಡತೆಗಳಲ್ಲಿ ಹೆಚ್ಚಿನವು ಹುಲ್ಲಿನ ಕಡ್ಡಿ ಹತ್ತಿ ಗಾಳಿಯಲ್ಲಿ ನಿಂತಿದ್ದವು. ನೆಲದಲ್ಲಿ ಉಳಿದ ಕೆಲವು ಕಾಲು ಚಾಚಿ ಮೈಯನ್ನು ಮೇಲೆತ್ತಿಕೊಂಡಿದ್ದವು.

ಮಿಡತೆಗೆ ಮೈಯೊಳಗೆ ಒಲೆ ಇಲ್ಲ, ಸೂರ್ಯನೇ ಅದರ ಒಲೆ. ಬಿಸಿಲಿಗೆ ಹೀಗೆ ಮೈಯೊಡ್ಡಿ ಸುತ್ತಲಿನ ಗಾಳಿಗಿಂತ 10 ಡಿಗ್ರಿಗೂ ಹೆಚ್ಚು ಕಾವನ್ನು ಅದು ಗಳಿಸಬಲ್ಲದು. ಮೈ 35ರಿಂದ 40 ಡಿಗ್ರಿಗೆ ಬಂದಾಗ ಅದರ ಹೊಟ್ಟೆ ಚೆನ್ನಾಗಿ ಕೆಲಸ ಮಾಡುತ್ತದೆ, ತಿಂದದ್ದು ಬೇಗ ಅರಗುತ್ತದೆ, ಬೆಳವಣಿಗೆ ಚುರುಕಾಗುತ್ತದೆ. ಮೋಡ ಮುಸುಕಿ ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿಯಿತು ಎನ್ನಿ. ಮರಿಯ ಮೈ ಕಾಯುವುದಿಲ್ಲ. ದವಡೆ ಆಡುವುದಿಲ್ಲ, ತಿಂದ ಚೂರು ಹೊಟ್ಟೆಯಲ್ಲಿ ಹಾಗೇ ಕೂರುತ್ತದೆ. ಸುತ್ತ ಎಲ್ಲಿ ನೋಡಿದರೂ ಎಳೆ ಹುಲ್ಲು, ನಡುವೆ ಮರಿ ಹಸಿವಿನಿಂದ ಸಾಯುತ್ತದೆ. ಬಲಿತ ಮಿಡತೆಯ ಮೈಯಲ್ಲಿ ಇಂಥ ಒಂದು ವಾರ ತಡೆಯುವಷ್ಟು ದಾಸ್ತಾನು ಇರುತ್ತದೆ. ನಿನ್ನೆ ಮೊನ್ನೆ ಹುಟ್ಟಿದ್ದಕ್ಕೆ ಅದು ಎಲ್ಲಿಂದ ಬರಬೇಕು? ಹಾಗಾಗಿ ಆರಿದ್ರ-ಪುನರ್ವಸು ಬಿಡದೆ ಜಡಿ ಹಿಡಿದ ವರ್ಷ ಆಗಸ್ಟಿನಲ್ಲಿ ಮಿಡತೆ ಕಡಿಮೆ. ಮಳೆ ಬಿಟ್ಟು ಬಿಟ್ಟು ಬಂದು, ನಡುವೆ ಬಿಸಿಲು ಬಿದ್ದ ವರ್ಷ ಹೆಚ್ಚು. ನಿಮ್ಮ ತಂದೆಯವರು ‘ಮಳೆ ಚಲೋ ಆದ ವರ್ಷ’ ಎನ್ನುವುದು ಈ ಎರಡನೆಯ ಬಗೆಯ ಮಳೆಯನ್ನು. ಜೋಳಕ್ಕೆ ಹಿತವಾದ ಮಳೆಯೂ ಅದೇ ಆದ್ದರಿಂದ ಎರಡೂ ಜೊತೆಯಾಗಿ ಅವರ ನೆನಪಿನಲ್ಲಿ ಉಳಿದಿವೆ.

ಮರಿ ಬೆಳೆದು ರೆಕ್ಕೆ ಬರುವಷ್ಟರಲ್ಲಿ ಐದು, ಆರು, ಕೆಲವು ಜಾತಿಗಳಲ್ಲಿ ಏಳು ಸಲ ಪೊರೆ ಬಿಡುತ್ತದೆ. ಕಾವು ಹೆಚ್ಚಿದ್ದರೆ ಈ ಅವಧಿ ಕಿರಿದಾಗುತ್ತದೆ, ತಂಪಿದ್ದರೆ ವಾರಗಟ್ಟಲೆ ಹಿಗ್ಗುತ್ತದೆ. ಹಿಗ್ಗಿದಷ್ಟೂ ಹಕ್ಕಿ, ಜೇಡ, ಓತಿಕೇತಗಳ ಬಾಯಿಗೆ ಬೀಳುವ ದಿನಗಳು ಹೆಚ್ಚು.

ತೇವದ ಇನ್ನೊಂದು ಹೊಡೆತ ರೋಗ. ಮಳೆ ಹಿಡಿದ ಒಂದು ಸೆಪ್ಟೆಂಬರಿನಲ್ಲಿ ನಾನು ಕಂಡದ್ದು ಇವತ್ತಿಗೂ ಕಣ್ಣ ಮುಂದಿದೆ. ಹುಲ್ಲಿನ ತೆನೆಗಳ ತುತ್ತತುದಿಯಲ್ಲಿ ಹತ್ತಾರು ಮಿಡತೆಗಳು ತಲೆ ಮೇಲಾಗಿ, ಕಡ್ಡಿಯನ್ನು ಕಾಲುಗಳಿಂದ ತಬ್ಬಿ ಕುಳಿತಿದ್ದವು. ಹತ್ತಿರ ಹೋದರೂ ಕದಲಲಿಲ್ಲ. ಮುಟ್ಟಿದರೆ ಒಳಗೆ ಟೊಳ್ಳು. ಎಂಟೊಮಾಫೇಗ ಗ್ರಿಲ್ಲೈ ಎಂಬ ಶಿಲೀಂಧ್ರದ ಕೆಲಸ ಅದು. ಇದು ತಗುಲಿದ ಮಿಡತೆ ಸಾಯುವ ಮುನ್ನ ಗಿಡದ ತುದಿಗೆ ಏರಿ ಅಲ್ಲೇ ತಬ್ಬಿಕೊಂಡು ಸಾಯುತ್ತದೆ. ರಾತ್ರಿಯ ತೇವದಲ್ಲಿ ಶಿಲೀಂಧ್ರದ ಬೀಜಕಣಗಳು ಆ ಎತ್ತರದಿಂದ ಕೆಳಗಿನ ಮಿಡತೆಗಳ ಮೇಲೆ ಉದುರುತ್ತವೆ. ಬೆಚ್ಚನೆಯ, ತೇವ ತುಂಬಿದ ದಿನಗಳು ಸಾಲಾಗಿ ಬಂದರೆ ಕೆಲವೇ ವಾರಗಳಲ್ಲಿ ಒಂದು ಬಯಲಿನ ಮಿಡತೆಗಳೆಲ್ಲ ಹೀಗೆ ಮುಗಿಯಬಹುದು. ಮಿಡತೆಗೂ ಇದಕ್ಕೆ ಒಂದು ಮದ್ದು ಗೊತ್ತು: ಜ್ವರ ಬರಿಸಿಕೊಳ್ಳುವುದು. ಶಿಲೀಂಧ್ರ ತಗುಲಿದ ಎಷ್ಟೋ ಮಿಡತೆಗಳು ಬೇಕೆಂದೇ ಹೆಚ್ಚು ಹೊತ್ತು ಬಿಸಿಲಲ್ಲಿ ಕುಳಿತು ಮೈಯನ್ನು 40 ಡಿಗ್ರಿಯ ಆಸುಪಾಸಿಗೆ ಏರಿಸಿಕೊಳ್ಳುತ್ತವೆ. ಆ ಕಾವಿನಲ್ಲಿ ಶಿಲೀಂಧ್ರ ಬೆಳೆಯದು. ಮೋಡ ಕವಿದ ದಿನ ಆ ಮದ್ದೂ ಇಲ್ಲ. ನಿಮ್ಮ ಹೊಲದಲ್ಲಿ ಹೋದ ವರ್ಷದ ಮಳೆಗಾಲದ ಕೊನೆಗೆ ಹುಲ್ಲಿನ ತುದಿಯಲ್ಲಿ ಹೀಗೆ ಸತ್ತ ಮಿಡತೆ ಕಂಡಿದ್ದರೆ ಈ ವರ್ಷ ಅವು ಇಲ್ಲದಿರುವುದಕ್ಕೆ ಕಾರಣ ಅಲ್ಲೇ ಸಿಕ್ಕಂತೆ.

ಕಾಕಾ ಅವರ ಬರಗಾಲದ ಮಾತು ಈಗ ಬಿಡಿಸಿಕೊಳ್ಳುತ್ತದೆ. ಒಣ ವರ್ಷದಲ್ಲಿ ಶಿಲೀಂಧ್ರ ಏಳುವುದಿಲ್ಲ, ಬಿಸಿಲಿಗೆ ಕೊರತೆಯಿಲ್ಲ. ಹೇಗೋ ಮೊದಲ ಹತ್ತು ದಿನ ದಾಟಿದ ಮರಿಗಳಲ್ಲಿ ಹೆಚ್ಚಿನವು ಬಲಿಯುತ್ತವೆ. ಆಗಸ್ಟಿಗೆ ಬದು, ಗೋಮಾಳದ ಹುಲ್ಲು ಒಣಗಿದಾಗ ಅವು ಎಲ್ಲಿಗೆ ಹೋಗಬೇಕು? ಅಲ್ಲಿಯವರೆಗೆ ಊರ ತುಂಬ ಹರಡಿಕೊಂಡಿದ್ದ ಮಿಡತೆಗಳೆಲ್ಲ ಹಸಿರು ಉಳಿದ ನಾಲ್ಕು ಹೊಲಕ್ಕೆ ಬಂದು ಸೇರುತ್ತವೆ. ನೀರಿಲ್ಲದೆ ಬಳಲಿದ ಜೋಳ ತಿಂದ ಎಲೆಯನ್ನು ಮತ್ತೆ ಚಿಗುರಿಸಲಾರದು. ಮಿಡತೆ ಕಡಿಮೆಯಿದ್ದರೂ ಕಾಟ ಹೆಚ್ಚಾಗಿ ಕಾಣುತ್ತದೆ. ತಂದೆಯವರು ಮಿಡತೆ ಎಣಿಸಿದ್ದಾರೆ, ಕಾಕಾ ಅವರು ಹಾನಿ ಎಣಿಸಿದ್ದಾರೆ ಎಂದು ನನಗೆ ತೋರುತ್ತದೆ.

ಮಲೆನಾಡಿನವರನ್ನು ಕೇಳಿದರೆ ಉತ್ತರ ಇನ್ನೂ ಬೇರೆ. ಅಲ್ಲಿ ನೀರು ಹೇರಳ, ಬಿಸಿಲೇ ಅಪರೂಪ. ಮಳೆ ಕಡಿಮೆಯಾದ ವರ್ಷವೇ ಅಲ್ಲಿ ಮಿಡತೆಗೆ ಸುಗ್ಗಿ.

ನಿಮ್ಮ ಪ್ರಶ್ನೆ ನಮ್ಮ ನೆಲಕ್ಕೆ ಹೊಸದೇನಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರನ್ನು ಅಡಿಕೆಯ ಕೊಳೆರೋಗಕ್ಕೆ ಮದ್ದು ಹುಡುಕಿದವರೆಂದು ಮಲೆನಾಡು ನೆನೆಯುತ್ತದೆ. ಅವರು ಅದೇ ದಿನಗಳಲ್ಲಿ ಬಯಲುಸೀಮೆಯ ಮಿಡತೆಗಳ ಹಿಂದೆಯೂ ಬಿದ್ದಿದ್ದರು. 1911ರಲ್ಲಿ ಮೈಸೂರು ಕೃಷಿ ಇಲಾಖೆ ಎರಡು ಪುಸ್ತಿಕೆ ಹೊರತಂದಿತು. ಭತ್ತದ ಮಿಡತೆಯ ಬಗೆಗಿನದನ್ನು ಕೋಲ್ಮನ್ ಅವರು ಕೆ. ಕುಂಞಿಕಣ್ಣನ್ ಅವರ ಜೊತೆಗೂಡಿ ಬರೆದರು. ಇನ್ನೊಂದು ಜೋಳದ ಮಿಡತೆಯದು. ಈ ಜೋಳದ ಮಿಡತೆಗೆ ವಿಜ್ಞಾನದಲ್ಲಿ ಕೋಲ್ಮೇನಿಯ ಎಂಬ ಹೆಸರು ಬಂದದ್ದು ಅವರ ನೆನಪಿಗೇ. ಬಳ್ಳಾರಿ, ಧಾರವಾಡ, ಚಿತ್ರದುರ್ಗದ ಜೋಳದ ಸೀಮೆಗೆ ಸೇರಿದ ಹುಳು ಅದು. ಅದಕ್ಕೆ ಹಾರುವ ರೆಕ್ಕೆಯೇ ಇಲ್ಲ. ಹುಟ್ಟಿದ ಹೊಲದ ಸುತ್ತಮುತ್ತಲೇ ಅದರ ಬದುಕೆಲ್ಲ ಮುಗಿಯಬೇಕು. ಆ ಹೊಲದ ಮಳೆ, ಆ ಹೊಲದ ಬಿಸಿಲು, ಆ ಹೊಲದ ಮಣ್ಣು ಇಷ್ಟೇ ಅದರ ಪಾಲು. ಪಕ್ಕದ ಊರಲ್ಲಿ ಜೋಳದ ಎಲೆ ಉಳಿಯದಷ್ಟು ಮಿಡತೆ, ನಿಮ್ಮಲ್ಲಿ ಒಂದೂ ಇಲ್ಲ ಎನ್ನುವ ಸಂಗತಿ ಇಂಥ ಮಿಡತೆಯಲ್ಲಿ ಸಾಮಾನ್ಯ. ಒಂದೇ ಹೋಬಳಿಯಲ್ಲಿ ಒಂದು ಮೋಡ ಈ ಊರಿಗೆ ಸುರಿದು ಆ ಊರನ್ನು ಬಿಟ್ಟುಹೋಗುವುದನ್ನು ನೀವು ನೋಡಿಯೇ ಇದ್ದೀರಿ.

ಇದಕ್ಕೆ ಪೂರ್ತಿ ವಿರುದ್ಧದ ಉದಾಹರಣೆ 2020ರಲ್ಲಿ ನಾವೆಲ್ಲ ಟೀವಿಯಲ್ಲಿ ಕಂಡ ಮರುಭೂಮಿ ಮಿಡತೆ. ಅದರ ಕಥೆ ಶುರುವಾದದ್ದು 2018ರಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಮೆಕುನು, ಅಕ್ಟೋಬರಿನಲ್ಲಿ ಲುಬಾನ್ ಎಂಬ ಎರಡು ಚಂಡಮಾರುತಗಳು ಅರಬ್ಬಿ ಸಮುದ್ರದಲ್ಲಿ ಎದ್ದು, ಜನವಸತಿಯೇ ಇಲ್ಲದ ಅರೇಬಿಯದ ಮರಳುಗಾಡಿನ ಮೇಲೆ ಮಳೆ ಸುರಿಸಿದವು. ಮರಳು ತೇವವಾಯಿತು, ಹಸಿರು ಎದ್ದಿತು. ನೋಡುವವರಿಲ್ಲದ ಆ ಜಾಗದಲ್ಲಿ ಮೂರು ಪೀಳಿಗೆ ಒಂದರ ಮೇಲೊಂದು ಬೆಳೆದವು. ಹಸಿರು ಒಣಗುತ್ತ ಬಂದಾಗ ಉಳಿದ ಗಿಡಗಳಲ್ಲಿ ಮಿಡತೆಗಳು ಒತ್ತೊತ್ತಾಗಿ ಸೇರಿದವು. ಈ ಜಾತಿಯ ಮಿಡತೆ ಹೀಗೆ ಮೈಗೆ ಮೈ ತಾಗಿ ಬದುಕಿದರೆ ಬಣ್ಣ ಬದಲಿಸಿ, ನಡತೆ ಬದಲಿಸಿ, ಹಿಂಡು ಕಟ್ಟುತ್ತದೆ. ಹಿಂಡು ಗಾಳಿಯ ಜೊತೆಗೆ ದಿನಕ್ಕೆ 100ರಿಂದ 150 ಕಿಲೋಮೀಟರ್ ಸಾಗಬಲ್ಲದು. 2020ರ ಮೇ ತಿಂಗಳಲ್ಲಿ ಹಿಂಡುಗಳು ಜೈಪುರ ದಾಟಿ ಮಧ್ಯಪ್ರದೇಶ, ವಿದರ್ಭದವರೆಗೆ ಬಂದವು. ಬೀದರ್ ಸೇರಿ ನಮ್ಮ ಗಡಿ ಜಿಲ್ಲೆಗಳಿಗೂ ಎಚ್ಚರಿಕೆ ಹೋಗಿತ್ತು. ಗಾಳಿ ನಮ್ಮ ಕಡೆಗೆ ತಿರುಗದ ಕಾರಣ ಅವು ಕರ್ನಾಟಕಕ್ಕೆ ಬರಲಿಲ್ಲ. ಆ ದಿನಗಳಲ್ಲಿ ಎಕ್ಕದ ಗಿಡದ ಮೇಲಿನ ಹಳದಿ-ನೀಲಿ ಪಟ್ಟೆಯ ಮಿಡತೆಯನ್ನು ಕಂಡು ಗಾಬರಿಯಾದವರು ಅನೇಕರು. ಅದು ನಮ್ಮದೇ ಎಕ್ಕದ ಮಿಡತೆ, ಅದರ ಮುಖ್ಯ ಮೇವು ಎಕ್ಕದ ಎಲೆ.

ಎರಡು ವರ್ಷದ ಹಿಂದೆ, ಎರಡು ಸಾವಿರ ಕಿಲೋಮೀಟರ್ ಆಚೆ ಬಿದ್ದ ಮಳೆ ಒಂದು ಮಿಡತೆಯನ್ನು ನಮ್ಮ ಬಾಗಿಲಿಗೆ ತರುತ್ತದೆ. ಇನ್ನೊಂದು ಮಿಡತೆ ಅದೇ ಹೊಲದ ಅದೇ ತಿಂಗಳ ಮಳೆಗೆ ಹುಟ್ಟಿ ಸಾಯುತ್ತದೆ. ಆದ್ದರಿಂದ ಮಿಡತೆ ಎಂದು ಒಂದೇ ಮಾತಿನಲ್ಲಿ ಹೇಳದೆ ಯಾವ ಮಿಡತೆ ಎಂದು ಮೊದಲು ಕೇಳಬೇಕಾಗುತ್ತದೆ.

ಮಿಡತೆ ಕಡಿಮೆಯಾದದ್ದಕ್ಕೆ ನೀವು ಸಂತೋಷಪಟ್ಟಿರಬಹುದು, ಅದು ಸಹಜ. ಆದರೂ ಒಂದು ಮಾತು ಹೇಳದೆ ಇರಲಾರೆ. ನಿಮ್ಮ ರಾಣೆಬೆನ್ನೂರಿನ ಬಯಲಿನಲ್ಲಿ ಹಿಂದೆ ಎರೆಭೂತ ಓಡಾಡುತ್ತಿತ್ತು. ಆ ದೊಡ್ಡ ಹಕ್ಕಿಗೆ ಮಿಡತೆ ಮುಖ್ಯ ಆಹಾರ. ಚಳಿಗಾಲಕ್ಕೆ ದೂರದೇಶದಿಂದ ನಮ್ಮ ಹುಲ್ಲುಗಾವಲಿಗೆ ಬರುವ ಸೆಳೆವಗಳೂ ಮಿಡತೆಯನ್ನು ನೆಚ್ಚಿಕೊಂಡೇ ಬರುತ್ತವೆ. ತೊಗರಿ ಹೂವನ್ನು ತಿನ್ನುವ ಕಪ್ಪು-ಕಿತ್ತಳೆ ಪಟ್ಟೆಯ ಹುಳುವನ್ನು ನೀವು ಶಪಿಸುತ್ತೀರಿ. ಅದರ ಮರಿ ನೆಲದೊಳಗೆ ಮಿಡತೆಯ ಮೊಟ್ಟೆಯ ಗಂಟು ತಿಂದು ಬೆಳೆಯುತ್ತದೆ. ಮಿಡತೆ ಹೆಚ್ಚಾದ ಮರುವರ್ಷ ಆ ಹುಳುವೂ ಹೆಚ್ಚುವುದು ಇದರಿಂದ.

ಹವೆ ಬದಲಾಗುತ್ತಿರುವ ಈ ಕಾಲದಲ್ಲಿ ಬಿಸಿ ಹೆಚ್ಚಿದಂತೆ ಮಿಡತೆಯೂ ಹೆಚ್ಚುತ್ತದೆ ಎಂದು ಊಹಿಸುವವರಿದ್ದಾರೆ. ಅಮೆರಿಕದ ಕಾನ್ಸಸ್ ರಾಜ್ಯದ ಕೊನ್ಝಾ ಹುಲ್ಲುಗಾವಲಿನ ಲೆಕ್ಕ ಬೇರೆಯೇ ಹೇಳುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಎರಡು ದಶಕಗಳಲ್ಲಿ ಮಿಡತೆಗಳು ಮೂರನೇ ಒಂದಕ್ಕಿಂತ ಹೆಚ್ಚು ಕಡಿಮೆಯಾಗಿವೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಹುಲ್ಲು ಸೊಂಪಾಗಿ ಬೆಳೆಯಿತು, ಆದರೆ ಅದರಲ್ಲಿ ಸಾರಜನಕ, ರಂಜಕ, ಸೋಡಿಯಂ ತೆಳುವಾದವು. ತಿಂದಷ್ಟೂ ಪುಷ್ಟಿಯಿಲ್ಲದ ಮೇವು.

ನಿಮ್ಮ ಹೊಲದ ಉತ್ತರವನ್ನು ನೀವೇ ಕಂಡುಕೊಳ್ಳಬಹುದು. ಬರುವ ಮುಂಗಾರಿನಲ್ಲಿ ಮೊದಲ ಹದ ಮಳೆ ಬಿದ್ದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ ಹದಿನೈದು ದಿನಕ್ಕೆ, ಬೆಳಿಗ್ಗೆ ಏಳೆಂಟು ಗಂಟೆಯ ಒಳಗೆ, ಮೈ ಕಾಯುವ ಮುಂಚೆ ಮರಿಗಳು ನೆಗೆಯಲಾರದ ಹೊತ್ತಿನಲ್ಲಿ, ಬದುವಿನ ಮೇಲೆ ಹತ್ತು ಹೆಜ್ಜೆ ನಡೆದು ಕಂಡಷ್ಟನ್ನು ಎಣಿಸಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ಎಣಿಸುತ್ತ, ಪಕ್ಕದಲ್ಲಿ ಮಳೆಯನ್ನೂ ಮೋಡದ ದಿನಗಳನ್ನೂ ಬರೆಯಿರಿ. ಮರಿಗಳು ಬದುವಿನಲ್ಲೇ ಇರುವಾಗ, ಬೆಳೆಗೆ ಇಳಿಯುವ ಮುನ್ನ ಮಾತ್ರ ಏನಾದರೂ ಮಾಡಿ ಪ್ರಯೋಜನ. ಕೋಲ್ಮನ್ ಕಾಲದಲ್ಲಿ ದೊಡ್ಡ ಬಟ್ಟೆಯ ಬಲೆ ಎಳೆದು ಹಿಡಿಯುತ್ತಿದ್ದದ್ದೂ ಎಳೆಯ ಮರಿಗಳನ್ನೇ. ಮಿಡತೆ ಬಲಿತ ಮೇಲೆ ಹೊಡೆಯುವ ಔಷಧಿ ಹೆಚ್ಚಾಗಿ ದುಡ್ಡಿಗೆ ದಂಡ, ಹಕ್ಕಿಗೆ ವಿಷ. ಮೂರು ಮಳೆಗಾಲದ ಲೆಕ್ಕ ಕೂಡಿದ ಮೇಲೆ ತಂದೆಯವರನ್ನೂ ಕಾಕಾ ಅವರನ್ನೂ ಕೂರಿಸಿಕೊಂಡು ಆ ಹಾಳೆ ಓದಿ ಹೇಳಿ. ನಮಗೂ ಒಂದು ಪ್ರತಿ ಕಳಿಸಿಕೊಡಿ.